ದೆಯೋಲಿಂದಾ ಬಾಯಿ ಮುಚ್ಚಿದ ವಾರ

ಅಮೆರಿಕದ ಫಾಲ್ ರಿವರ್ ಊರಿನ ಕೊಲಂಬಿಯಾ ಬೀದಿಯಲ್ಲಿ ಯಾರನ್ನಾದರೂ ನಿಲ್ಲಿಸಿ ದೆಯೋಲಿಂದಾ ಫುರ್ತಾದೊ ಮನೆ ಎಲ್ಲಿ ಎಂದು ಕೇಳಿದರೆ, ಆ ಕಾಲದಲ್ಲಿ ಯಾರೂ ಬೆರಳು ಮಾಡಿ ತೋರಿಸುತ್ತಿರಲಿಲ್ಲ. "ಒಂದು ಗಳಿಗೆ ಸುಮ್ನೆ ನಿಂತ್ಕೊಳ್ಳಿ, ತಾನಾಗೇ ಕೇಳ್ಸತ್ತೆ" ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ಮೂರು ಮಹಡಿಯ ಮರದ ಮನೆಯ ನಡುವಿನ ಮಹಡಿಯಲ್ಲಿ ಅವಳು ಈರುಳ್ಳಿ ಹೆಚ್ಚುತ್ತ ಗಂಡನಿಗೆ ಬುದ್ಧಿ ಹೇಳುತ್ತಿದ್ದರೆ, ಕೆಳಗಿನ ಮಹಡಿಯ ಝುಲ್ಮೀರಾ ತನ್ನ ಅಡುಗೆಮನೆಯಿಂದಲೇ ಹೂಂಗುಟ್ಟುತ್ತಿದ್ದಳು. ದಪ್ಪ ಧ್ವನಿ, ತುಸು ಒಡಕು. ನಗುವಾಗ ಮಧ್ಯದಲ್ಲಿ ಒಮ್ಮೆ ಮುರಿದು ಮತ್ತೆ ಮೇಲೇಳುವ ಧ್ವನಿ. ಹುಡುಗಿಯಾಗಿದ್ದಾಗ ಇಗರ್ಜಿಯ ಹಾಡಿನ ಮೇಳಕ್ಕೆ ಸೇರಲು ಹೋದವಳನ್ನು ಸನ್ಯಾಸಿನಿಯರು ಎರಡನೆಯ ದಿನವೇ ಹೂವು ಜೋಡಿಸುವ ಕೆಲಸಕ್ಕೆ ಹಾಕಿದ್ದರು.

ಅವಳ ಧ್ವನಿಗೆ ತಕ್ಕ ಜಾಗ ಹೊಲಿಗೆ ಕಾರ್ಖಾನೆ. ಒಂದು ಕಾಲಕ್ಕೆ ಹತ್ತಿ ಗಿರಣಿಯಾಗಿದ್ದ ಕಲ್ಲಿನ ಕಟ್ಟಡ, ಈಗ ಅಲ್ಲಿ ಹೆಂಗಸರ ಕೋಟು ಹೊಲಿಯುತ್ತಿದ್ದರು. ನೂರಾರು ಯಂತ್ರಗಳು ಒಟ್ಟಿಗೆ ಗುಡುಗುವಾಗ ಉಳಿದವರು ಕೈಸನ್ನೆ ಮಾಡುತ್ತಿದ್ದರು. ದೆಯೋಲಿಂದಾ ಮಾತ್ರ ಕಾಲರು ಹೊಲಿಯುತ್ತಲೇ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾವ ಅಂಗಡಿಯ ಒಣಮೀನು ಬರೀ ಉಪ್ಪು ಎಂದು ಆ ತುದಿಯವರೆಗೂ ಮುಟ್ಟಿಸುತ್ತಿದ್ದಳು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುತ್ತಾರಲ್ಲ, ಅಂಥವಳು. ಪಕ್ಕದ ಯಂತ್ರದಲ್ಲಿ ಕೂರುತ್ತಿದ್ದವಳೂ ಝುಲ್ಮೀರಾಳೇ. ಮನೆಯಲ್ಲಿ ಕೆಳಗೆ, ಕಾರ್ಖಾನೆಯಲ್ಲಿ ಪಕ್ಕದಲ್ಲಿ. ಆ ಹೆಣ್ಣಿನ ಕಿವಿಗೆ ಭಾನುವಾರವೂ ರಜೆ ಇರಲಿಲ್ಲ.

ಇಷ್ಟು ಮಾತಿನ ಹೆಂಗಸಿನ ಎದೆಯೊಳಗೆ ಮಾತೇ ಸಿಗದ ಒಂದು ಜಾಗವಿತ್ತು. ಅವಳು ಹುಟ್ಟಿದ್ದು ಅಟ್ಲಾಂಟಿಕ್ ನಡುವೆ ಪೋರ್ಚುಗಲ್ಲಿಗೆ ಸೇರಿದ ಸಾಂವ್ ಮಿಗೆಲ್ ದ್ವೀಪದ ಫುರ್ನಾಸ್ ಹಳ್ಳಿಯಲ್ಲಿ. ಅಲ್ಲಿಯ ನೆಲದೊಳಗೆ ಸದಾ ಬಿಸಿನೀರು ಕುದಿಯುತ್ತದೆ, ಜನ ಅದರಲ್ಲೇ ಜೋಳ ಬೇಯಿಸಿಕೊಳ್ಳುತ್ತಾರೆ. ಸಾವಿರದ ಒಂಬೈನೂರ ಇಪ್ಪತ್ತರಲ್ಲಿ ಅವಳ ಅಪ್ಪ ಜಸಿಂತೊ ಆರು ವರ್ಷದ ಇವಳ ಕೈ ಹಿಡಿದುಕೊಂಡು ಹಡಗು ಹತ್ತಿದ. ಅಮ್ಮನ ಕಂಕುಳಲ್ಲಿ ತಂಗಿ ಲುಸೀಲಿಯಾ ಇದ್ದಳು, ಹಲ್ಲು ಬಾರದ ಕೂಸು. ಸಮುದ್ರಯಾನ ಕೂಸಿಗೆ ಆಗದು, ಅದು ಸ್ವಲ್ಪ ಗಟ್ಟಿಯಾದ ಮೇಲೆ ಇಬ್ಬರನ್ನೂ ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಕೂಸು ಗಟ್ಟಿಯಾಯಿತು. ಅಷ್ಟರಲ್ಲಿ ಅಮೆರಿಕ ಬಾಗಿಲು ಹಾಕಿಕೊಂಡಿತು.

ಹೊಸ ಕಾನೂನಿನ ಪ್ರಕಾರ ಯಾವ ದೇಶದವರು ವರ್ಷಕ್ಕೆ ಎಷ್ಟು ಜನ ಬರಬಹುದೆಂದು ಅಳತೆ ಹಾಕಿಟ್ಟಿದ್ದರು. ಇಂಗ್ಲಿಷರಿಗೆ, ಐರಿಷರಿಗೆ ಹಂಡೆಗಟ್ಟಲೆ, ಪೋರ್ಚುಗಲ್ಲಿಗೆ ಚಮಚದಲ್ಲಿ. ಇಡೀ ದೇಶಕ್ಕೆ ವರ್ಷಕ್ಕೆ ಸುಮಾರು ಐನೂರು ಜನ. ಜಸಿಂತೊ ಇಲ್ಲಿಯ ಪ್ರಜೆಯಾಗಿದ್ದರೆ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ದಾರಿಯಿತ್ತು. ಆದರೆ ಅವನು ಹಟಮಾರಿ. "ಪ್ರಜೆ ಆಗೋದಾ? ಬರೋ ವರ್ಷ ಊರಿಗೆ ವಾಪಸ್ ಹೋಗ್ತೀವಿ, ಯಾಕೆ ಬೇಕು ಅದೆಲ್ಲ?" ಎನ್ನುತ್ತಿದ್ದ. ಬರುವ ವರ್ಷ ಬರಲೇ ಇಲ್ಲ. ಹೋಗಲು ಕಾಸು ಕೂಡಿದಾಗ ಗಿರಣಿ ಮುಚ್ಚಿತು, ಗಿರಣಿ ತೆರೆದಾಗ ಯುದ್ಧ ಬಂತು. ಅಮ್ಮ ಅಲ್ಲೇ ಜ್ವರದಲ್ಲಿ ತೀರಿಕೊಂಡಳು. ಜಸಿಂತೊ ಇಲ್ಲಿ ತೀರಿಕೊಂಡ, ಕೊನೆಯವರೆಗೂ ಪೆಟ್ಟಿಗೆ ಮಂಚದ ಕೆಳಗೇ ಇತ್ತು.

ದೆಯೋಲಿಂದಾಗೆ ಅಮ್ಮನ ನೆನಪು ಅಂದರೆ ಹಡಗುಕಟ್ಟೆಯ ಮೇಲೆ ಬೀಸಿದ ಬಿಳಿ ಕರವಸ್ತ್ರ, ಎಳೆಯುತ್ತಿದ್ದ ಎಣ್ಣೆ ಜಡೆ, ಸಿಹಿ ರೊಟ್ಟಿಯ ವಾಸನೆ. ಇಷ್ಟೇ. ಮುಖ ಫೋಟೋದಲ್ಲಿತ್ತು. ಧ್ವನಿ ಎಲ್ಲೂ ಇರಲಿಲ್ಲ. ಎಷ್ಟು ಕಣ್ಣು ಮುಚ್ಚಿ ಕೂತರೂ ಅಮ್ಮ ಬಾಯಿ ಆಡಿಸುತ್ತಿದ್ದಳೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಅಪ್ಪನನ್ನು ಕೇಳೋಣವೆಂದರೆ ಅವನು ಒಂದು ವಿಚಿತ್ರ ಮನುಷ್ಯ. ಇವಳು ಊಟದ ಹೊತ್ತಿನಲ್ಲಿ ಏನೋ ಹೇಳಿಕೊಂಡು ನಗುತ್ತಿದ್ದರೆ ಇದ್ದಕ್ಕಿದ್ದಂತೆ ಚಮಚ ಕೆಳಗಿಟ್ಟು, "ಸಾಕು, ಬಾಯಿ ಮುಚ್ಚು" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದ. ತನ್ನ ಮಾತು ಅಪ್ಪನಿಗೆ ಕಂಡರಾಗದು ಎಂದು ಅವಳು ತೀರ್ಮಾನಿಸಿದ್ದಳು. ಆ ನೋವನ್ನೂ ಇನ್ನಷ್ಟು ಮಾತಾಡಿಯೇ ಮರೆತಳು.

ಉಳಿದವಳು ತಂಗಿ ಒಬ್ಬಳೇ. ಲುಸೀಲಿಯಾ ಅಲ್ಲೇ ಮದುವೆಯಾಗಿ, ಮಕ್ಕಳಾಗಿ, ಗಂಡ ಅಮಾರೊ ಜೊತೆ ಯಾರದೋ ಗದ್ದೆಯಲ್ಲಿ ಗೇಯುತ್ತಿದ್ದಳು. ಒಮ್ಮೆ ಅದೇ ಸಾಲಿನ ಫಯಾಲ್ ದ್ವೀಪದಲ್ಲಿ ಬೆಂಕಿಬೆಟ್ಟ ಸಿಡಿದು ಮನೆಗಳೆಲ್ಲ ಬೂದಿಯಲ್ಲಿ ಹೂತುಹೋದಾಗ, ಅಮೆರಿಕ ಕರಗಿ ಆ ದ್ವೀಪದವರಿಗೆಂದೇ ಬೇರೆ ಕಾನೂನು ಮಾಡಿ ಕರೆಸಿಕೊಂಡಿತು. ಅವತ್ತು ದೆಯೋಲಿಂದಾ ಪಟ್ಟ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ. "ಅವರ ಬೆಟ್ಟ ನೋಡು, ಎಷ್ಟು ಚುರುಕು! ನಮ್ಮ ಬೆಟ್ಟಕ್ಕೆ ಜೋಳ ಬೇಯ್ಸೋದು ಬಿಟ್ರೆ ಇನ್ನೇನೂ ಗೊತ್ತಿಲ್ಲ. ಸೋಮಾರಿ ಮುಂಡೇದು!" ಎಂದು ಕಾರ್ಖಾನೆಯಲ್ಲಿ ಕೂಗಾಡಿದಳು. ಆಮೇಲೆ ದೇವರಲ್ಲಿ ತಪ್ಪಾಯಿತೆಂದು ಮೇಣದಬತ್ತಿ ಹಚ್ಚಿದಳು.

ಅರವತ್ತೈದರ ಶರತ್ಕಾಲದಲ್ಲಿ ಬೆಟ್ಟ ಸಿಡಿಯದೆಯೇ ಬಾಗಿಲು ತೆರೆಯಿತು. ಪೋರ್ಚುಗೀಸ್ ರೇಡಿಯೋದವನು ಸುದ್ದಿ ಓದಿದ: ಇನ್ನು ಹುಟ್ಟಿದ ದೇಶ ನೋಡಿ ಅಳೆಯುವುದಿಲ್ಲ, ಮೊದಲು ನೆಂಟಸ್ತಿಕೆ ನೋಡುತ್ತಾರೆ. ಪ್ರಜೆಯಾದವರು ಗಂಡ ಹೆಂಡತಿ ಮಕ್ಕಳನ್ನಷ್ಟೇ ಅಲ್ಲ, ಅಣ್ಣ ತಮ್ಮ ಅಕ್ಕ ತಂಗಿಯರನ್ನೂ ಕರೆಸಬಹುದು. ಕೊಲಂಬಿಯಾ ಬೀದಿಯಲ್ಲಿ ಕಿಟಕಿಗಳೆಲ್ಲ ಒಟ್ಟಿಗೆ ತೆರೆದವು. ಮೀನಿನಂಗಡಿಯವನು ತಕ್ಕಡಿ ಬಿಟ್ಟು ಬೀದಿಗೆ ಬಂದ. ದೆಯೋಲಿಂದಾ ಮೆಟ್ಟಿಲಿಳಿದು ಓಡಿ ಹೋಗಿ ಝುಲ್ಮೀರಾಳನ್ನು ಹಿಟ್ಟಿನ ಕೈಯಲ್ಲೇ ಎತ್ತಿ ಸುತ್ತಿಸಿದಳು.

"ಇಳಿಸೇ, ನನ್ನ ಸೊಂಟ ಮುರೀತು!" ಎಂದಳು ಝುಲ್ಮೀರಾ.

"ಮುರೀಲಿ ಬಿಡೆ! ನನ್ನ ತಂಗಿ ಬರ್ತಾಳೆ, ಅವಳು ಕಟ್ಟು ಹಾಕ್ತಾಳೆ!"

ಸಂಭ್ರಮವೆಲ್ಲ ಮುಗಿದು ಕಾಫಿ ಕುಡಿಯುವಾಗ ಅವಳ ಗಂಡ ಸೆರಾಫಿಂ ಮೆಲ್ಲಗೆ ಕೆಮ್ಮಿದ. ಅವನು ಮಾತಾಡುವುದೇ ಅಪರೂಪ. ಅವನ ಪಾಲಿನದನ್ನೂ ಹೆಂಡತಿಯೇ ಆಡಿ ಮುಗಿಸುತ್ತಿದ್ದಳು. "ಅಲ್ಲ ಮಾರಾಯ್ತಿ," ಎಂದ. "ಪ್ರಜೆ ಆದೋರು ಕರೆಸ್ಬಹುದು ಅಂದ್ರು. ನಾನೇನೋ ಇಲ್ಲೇ ಹುಟ್ಟಿದೋನು. ನೀನು ಯಾವಾಗ ಪ್ರಜೆ ಆದೆ?"

ದೆಯೋಲಿಂದಾ ಕಾಫಿ ಲೋಟ ಕೆಳಗಿಟ್ಟಳು. ಹದಿನಾಲ್ಕಕ್ಕೇ ಗಿರಣಿ ಸೇರಿದವಳು, ತೆರಿಗೆ ಕಟ್ಟಿದವಳು, ಕಾರ್ಮಿಕ ಸಂಘದ ಬಾವುಟ ಹಿಡಿದು ಮೆರವಣಿಗೆ ಹೋದವಳು, ಮಗನನ್ನು ಇಲ್ಲಿಯ ಸೈನ್ಯಕ್ಕೆ ಕಳಿಸಿದವಳು. ತಾನು ಇಲ್ಲಿಯವಳಲ್ಲ ಎಂಬುದು ಅವಳ ತಲೆಗೇ ಬಂದಿರಲಿಲ್ಲ. ಅಪ್ಪನ "ಬರುವ ವರ್ಷ" ಅವಳ ಕೊರಳಿಗೂ ಸುತ್ತಿಕೊಂಡಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ; ಗಂಡ ಪ್ರಜೆಯಾದರೂ ನಾದಿನಿಯನ್ನು ಕರೆಸಲು ಕಾನೂನಿನಲ್ಲಿ ಅವನಿಗೆ ಅಧಿಕಾರವಿರಲಿಲ್ಲ. ಅಕ್ಕನೇ ಕರೆಸಬೇಕು, ಅಕ್ಕ ಮೊದಲು ಪ್ರಜೆಯಾಗಬೇಕು, ಅದಕ್ಕೆ ಅಧಿಕಾರಿಯ ಎದುರು ಕೂತು ಪರೀಕ್ಷೆ ಕೊಡಬೇಕು. ಇತ್ತ ಊರಿಗೆ ಊರೇ ಅರ್ಜಿ ಹಾಕುತ್ತಿತ್ತು, ಸರತಿ ದಿನದಿನಕ್ಕೂ ಬೆಳೆಯುತ್ತಿತ್ತು. ಹಿಂದೆ ಬಿದ್ದಷ್ಟೂ ತಂಗಿ ದೂರ.

"ಪರೀಕ್ಷೆ ಬಾಯಲ್ಲಿ ಕೊಡೋದಂತೆ," ಎಂದು ಸೆರಾಫಿಂ ಸಮಾಧಾನ ಹೇಳಿದ. "ಬಾಯಿ ಪರೀಕ್ಷೇಲಿ ನಿನ್ನ ಸೋಲ್ಸೋನು ಇನ್ನೂ ಹುಟ್ಟಿಲ್ಲ."

ಕಾರ್ಖಾನೆ ಪೂರ್ತಿ ಶಾಲೆಯಾಯಿತು. ತೋಳು ಹೊಲಿಯುವವರು ಪ್ರಶ್ನೆ ಎಸೆಯುತ್ತಿದ್ದರು, ಗುಂಡಿ ಹಾಕುವವರು ಸರಿ ತಪ್ಪು ಹೇಳುತ್ತಿದ್ದರು, ದೆಯೋಲಿಂದಾ ಕಾಲರಿನ ಮೇಲಿಂದ ಕಣ್ಣೆತ್ತದೆ ಉತ್ತರ ಕೂಗುತ್ತಿದ್ದಳು. ಮೊದಲ ಅಧ್ಯಕ್ಷ ಯಾರು, ಕಾನೂನು ಮಾಡುವವರು ಯಾರು, ಬಾವುಟದಲ್ಲಿ ಪಟ್ಟೆ ಎಷ್ಟು. ಚಳಿಗಾಲ ಮುಗಿಯುವಷ್ಟರಲ್ಲಿ ಆ ಮಹಡಿಯ ಹೆಂಗಸರೆಲ್ಲ ಯಾವ ಮಂತ್ರಿಗಿಂತಲೂ ಕಡಿಮೆಯಿಲ್ಲದಂತೆ ತಯಾರಾಗಿದ್ದರು.

ಅರ್ಜಿ ಹಾಕಿ ಕರೆಗೆ ಕಾಯುತ್ತ ಇನ್ನೊಂದು ವರ್ಷ ಕಳೆದರೂ ಅವಳಿಗೆ ಧೈರ್ಯ ಸಾಲಲಿಲ್ಲ. ದ್ವೀಪದವರಿಗೆ ದೊಡ್ಡ ಕೆಲಸ ಎದುರಾದರೆ ಪವಿತ್ರಾತ್ಮನಿಗೆ ಒಂದು ಹರಕೆ ಹೊರದೆ ನಿದ್ದೆ ಹತ್ತುವುದಿಲ್ಲ. ಈಸ್ಟರಿನಿಂದ ಪವಿತ್ರಾತ್ಮನ ಹಬ್ಬದವರೆಗೆ ಏಳು ವಾರ ಅವನ ಬೆಳ್ಳಿ ಕಿರೀಟ ವಾರಕ್ಕೊಂದು ಮನೆಯಲ್ಲಿ ಕೂರುತ್ತದೆ. ಯಾರ ಮನೆಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅರವತ್ತೇಳರ ಚೀಟಿ ಎತ್ತುವ ಮೊದಲು ದೆಯೋಲಿಂದಾ ಮೊಣಕಾಲೂರಿ ಹೇಳಿದಳು: "ದಿವ್ಯ ಪವಿತ್ರಾತ್ಮನೇ, ನನ್ನ ತಂಗೀನ ತಂದ್ಕೊಡು. ಈ ಸಲ ನಿನ್ನ ಕಿರೀಟ ನನ್ನ ಮನೆಗೆ ಬಂದ್ರೆ, ಆ ವಾರ ಪೂರ್ತಿ ನಿನ್ನ ಜೊತೆ ಬಿಟ್ಟು ಬೇರೆ ಯಾರ ಜೊತೇನೂ ಒಂದು ಮಾತೂ ಆಡಲ್ಲ."

ಕೈಲಾದ್ದನ್ನು ಕೊಟ್ಟರೆ ಅದು ಹರಕೆಯಲ್ಲ, ಕೈಲಾಗದ್ದನ್ನು ಕೊಡಬೇಕು ಎಂಬುದು ಅವಳ ಲೆಕ್ಕ. ಸುದ್ದಿ ಕೇಳಿದ ಬೀದಿ ಬಿದ್ದು ಬಿದ್ದು ನಕ್ಕಿತು. ಸೆರಾಫಿಂ ನಗಲಿಲ್ಲ. "ಪಾಪ, ಪವಿತ್ರಾತ್ಮ," ಎಂದ. "ಒಂದು ವಾರ ಒಬ್ಬನೇ ಕೇಳ್ಬೇಕು."

ಚೀಟಿ ಎದ್ದಿತು. ಆರನೆಯ ವಾರ, ಫುರ್ತಾದೊ ಮನೆ. ದೆಯೋಲಿಂದಾ ಆನಂದದಿಂದ ಅತ್ತಳು. ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ, ಬಣ್ಣದ ಕಾಗದದ ಹೂವು ಕಟ್ಟಿ ಪೀಠ ಸಿದ್ಧವಾಗುತ್ತಿರುವಾಗ ಅಂಚೆಯವನು ಬಂದ. ಪೌರತ್ವದ ಪರೀಕ್ಷೆಗೆ ಇಂಥ ದಿನ ಕೋರ್ಟಿನ ಮೇಲಿನ ಮಹಡಿಗೆ ಇಬ್ಬರು ಸಾಕ್ಷಿಗಳ ಜೊತೆ ಬರತಕ್ಕದ್ದು. ಝುಲ್ಮೀರಾ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ನೋಡಿದಳು. ಆರನೆಯ ವಾರದ ಗುರುವಾರ.

"ಅಯ್ಯೋ ನನ್ನ ತಾಯಿ," ಎಂದಳು. "ಬಾಯಿ ಬೇಕಾದ ದಿನಾನೇ ಬಾಯಿಗೆ ಬೀಗ ಹಾಕ್ಕೊಂಡ್ಯಲ್ಲೇ!"

ಬಿಸಿ ತುಪ್ಪ; ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪರೀಕ್ಷೆ ಮುಂದೂಡಿದರೆ ಮತ್ತೆ ಕರೆ ಯಾವಾಗಲೋ, ಸರತಿಯಲ್ಲಿ ತಂಗಿ ಎಲ್ಲಿಗೋ. ಹರಕೆ ಮುರಿದರೆ ಕೇಳಿಕೊಂಡದ್ದನ್ನು ಕೇಳುವ ಮುಖವೆಲ್ಲಿ? ಪಾದ್ರಿಗಳು ತಾವೇ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಸಿಹಿ ರೊಟ್ಟಿ ಎಂದರೆ ಪ್ರಾಣ.

"ನೋಡಮ್ಮ, ಹರಕೆ ಬಿಡಿಸೋ ಅಧಿಕಾರ ನಂಗಿದೆ," ಎಂದರು. "ಇನ್ನೊಂದು ರೊಟ್ಟಿ ಕೊಡು, ಈಗ್ಲೇ ಬಿಡ್ಸಿಬಿಡ್ತೀನಿ."

"ರೊಟ್ಟಿ ಎಷ್ಟು ಬೇಕಾದ್ರೂ ತಿನ್ನಿ ಫಾದರ್," ಎಂದಳು ದೆಯೋಲಿಂದಾ. "ಆದ್ರೆ ಹರಕೆ ನಾನು ನಿಮಗೆ ಹೊತ್ತಿದ್ದಲ್ಲ. ಅವನಿಗೆ ಹೊತ್ತಿದ್ದು. ಬಿಡ್ಸೋದಾದ್ರೆ ಅವನೇ ಬಿಡಿಸ್ಲಿ."

ದ್ವೀಪದವರು ಪವಿತ್ರಾತ್ಮನ ವಿಷಯದಲ್ಲಿ ಪಾದ್ರಿಗಳ ಮಾತನ್ನು ಇಷ್ಟೇ ಕೇಳುವುದು. ಪಾದ್ರಿಗಳಿಗೂ ಗೊತ್ತು. ಇನ್ನೊಂದು ರೊಟ್ಟಿ ತಿಂದು ಹೋದರು.

ಭಾನುವಾರ ಪೂಜೆ ಮುಗಿದು ವಾದ್ಯದ ಜೊತೆ ಕಿರೀಟ ಮನೆಗೆ ಬಂತು. ಕಿರೀಟದ ತುದಿಯ ಬೆಳ್ಳಿಯ ಪಾರಿವಾಳಕ್ಕೆ ಮುತ್ತಿಟ್ಟು ದೆಯೋಲಿಂದಾ ತುಟಿ ಹೊಲಿದುಕೊಂಡಳು. ಮರುದಿನ ಕಾರ್ಖಾನೆಯಲ್ಲಿ ಮೇಸ್ತ್ರಿ ಯಾರೋ ಸತ್ತಿರಬೇಕೆಂದು ಟೋಪಿ ತೆಗೆದ. ಮೀನಿನಂಗಡಿಯವನು ಅವಳು ತೋರಿಸಿದ ಮೀನನ್ನು ಚೌಕಾಸಿಯಿಲ್ಲದೆ ಕಟ್ಟಿಕೊಟ್ಟು, ಆಮೇಲೆ ಮನಸ್ಸು ತಡೆಯದೆ ಇನ್ನೊಂದು ಸೇರಿಸಿದ. ಮೂವತ್ತು ವರ್ಷದಲ್ಲಿ ಮೊದಲ ಬಾರಿ ಝುಲ್ಮೀರಾ ತಾನು ಶುರುಮಾಡಿದ ಮಾತನ್ನು ತಾನೇ ಮುಗಿಸಿದಳು. ಮುಗಿಸಿ, ಮುಂದೇನು ಮಾಡಬೇಕೆಂದು ತಿಳಿಯದೆ ಸುಮ್ಮನಾದಳು. ಸಂಜೆ ಜಪಮಾಲೆಗೆ ಬಂದವರೆಲ್ಲ ಆ ಮೌನವನ್ನು ನೋಡಲಿಕ್ಕೇ ಬಂದವರು. ಎಲ್ಲರೂ ಹೋದ ಮೇಲೆ ಅವಳು ಕಿರೀಟದ ಎದುರು ಕೂತು ಪಿಸುಗುಟ್ಟುವುದು ಮಾತ್ರ ಕೇಳುತ್ತಿತ್ತು. ಸೆರಾಫಿಂ ಮಂಚದ ಮೇಲೆ ಮಲಗಿ ಆ ಪಿಸುಮಾತಿಗೇ ಕಿವಿಗೊಡುತ್ತಿದ್ದ. ಮನೆ ಇಷ್ಟು ನಿಶ್ಶಬ್ದವಾಗಿದ್ದರೆ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಗುರುವಾರ ಬಂತು. ದೆಯೋಲಿಂದಾ ತಾನೇ ಕಾಲರು ಹೊಲಿದ ನೀಲಿ ಕೋಟು ಹಾಕಿಕೊಂಡಳು. ಸಾಕ್ಷಿಗಳಾಗಿ ಸೆರಾಫಿಂ, ಝುಲ್ಮೀರಾ ಜೊತೆಗೆ ಹೊರಟರು. ದಾರಿಯಲ್ಲಿ ಝುಲ್ಮೀರಾ ಉಪಾಯಗಳ ಸುರಿಮಳೆಗರೆದಳು: ಗಂಟಲು ಬಿದ್ದಿದೆ ಅನ್ನೋಣ, ಹಲ್ಲು ಕೀಳಿಸಿದೆ ಅನ್ನೋಣ. ದೆಯೋಲಿಂದಾ ತಲೆ ಅಲ್ಲಾಡಿಸುತ್ತ ಬಂದಳು. ಪ್ರಮಾಣ ಮಾಡುವ ಜಾಗಕ್ಕೆ ಸುಳ್ಳು ಹೊತ್ತು ಹೋಗುವುದೇ? ಅವಳ ಬಳಿ ಉಪಾಯ ಯಾವುದೂ ಇರಲಿಲ್ಲ. ಹೋಗದೆ ಇರಲು ಕಾಲು ಕೇಳಲಿಲ್ಲ, ಅಷ್ಟೇ.

ಅಧಿಕಾರಿಯ ಹೆಸರು ಹೆಫರ್ನನ್. ಐರಿಷ್ ಮನೆತನದವರು, ಕೆಂಪು ಮುಖ, ಕನ್ನಡಕದ ಮೇಲಿಂದ ನೋಡುವ ಅಭ್ಯಾಸ. "ನಿಮ್ಮ ಪೂರ್ತಿ ಹೆಸರು ಹೇಳಿ," ಎಂದರು.

ದೆಯೋಲಿಂದಾ ಅವರನ್ನೇ ನೋಡಿದಳು.

"ಅವಳ ಹೆಸರು ದೆಯೋಲಿಂದಾ ಸಾಹೇಬ್ರೇ, ದೆಯೋಲಿಂದಾ ದ ಗ್ಲೋರಿಯಾ ಫುರ್ತಾದೊ!" ಝುಲ್ಮೀರಾ ನಡುವೆ ಬಾಯಿ ಹಾಕಿದಳು.

"ನಾನು ಅವರನ್ನ ಕೇಳಿದ್ದು."

ಝುಲ್ಮೀರಾಳಿಗೆ ಇನ್ನು ತಡೆಯಲಾಗಲಿಲ್ಲ. ಕಿರೀಟ, ಚೀಟಿ, ಹರಕೆ, ತಂಗಿ, ಪಾದ್ರಿಗಳು ತಿಂದ ರೊಟ್ಟಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಸುರಿದಳು. ಹೆಫರ್ನನ್ ಪೆನ್ನು ಕೆಳಗಿಟ್ಟರು.

"ಅಮ್ಮಾ, ಹರಕೆ ಅಂದ್ರೆ ಏನು ಅಂತ ನಂಗೊತ್ತು. ನಮ್ಮಮ್ಮ ಈಸ್ಟರ್ ಮುಂಚೆ ನಲವತ್ತು ದಿನ ಕಾಫಿಗೆ ಸಕ್ಕರೆ ಬಿಡ್ತಿದ್ರು, ಆ ಸಿಟ್ಟನ್ನ ನಮ್ಮ ಬೆನ್ನ ಮೇಲೆ ತೀರಿಸ್ಕೋತಿದ್ರು. ಆದ್ರೆ ನಿಮಗೆ ಇಂಗ್ಲಿಷ್ ಮಾತು ಬರತ್ತೆ ಅಂತ ನಾನು ಕಿವಿಯಾರೆ ಕೇಳ್ಬೇಕು. ಕಾನೂನು ಹಾಗಿದೆ. ಮಾತಾಡಲಿಲ್ಲ ಅಂತ ಬರೆದ್ರೆ ಮತ್ತೆ ಮೊದಲಿಂದ ಶುರು ಮಾಡ್ಬೇಕಾಗತ್ತೆ. ಏನ್ ಮಾಡ್ಲಿ, ನೀವೇ ಹೇಳಿ."

ದೆಯೋಲಿಂದಾ ಕಣ್ಣು ಮುಚ್ಚಿದಳು. ಕೆಳಗೆ ಬೀದಿಯಲ್ಲಿ ಬಸ್ಸು ಹೋದ ಸದ್ದು. ಸೆರಾಫಿಂ ಟೋಪಿಯ ಅಂಚನ್ನು ಸುತ್ತಿಸುತ್ತ ಕೂತಿದ್ದ. ಮುಚ್ಚಿದ ಕಣ್ಣೊಳಗೆ ಅವಳು ತನ್ನ ಹರಕೆಯ ಮಾತನ್ನು ಮತ್ತೆ ಆಡಿಕೊಂಡಳು, ಹೊಲಿಗೆ ತಪ್ಪಿದ ಕಡೆಯಿಂದ ದಾರ ಬಿಚ್ಚುವ ಹಾಗೆ, ಒಂದೊಂದಾಗಿ. ನಿನ್ನ ಜೊತೆ ಬಿಟ್ಟು. ಬೇರೆ ಯಾರ ಜೊತೇನೂ. ನಿನ್ನ ಜೊತೆ ಬಿಟ್ಟು!

ಕಣ್ಣು ತೆರೆದಳು. ಎರಡೂ ಕೈ ಜೋಡಿಸಿದಳು. ಹೆಫರ್ನನ್ನರ ತಲೆಯ ಮೇಲಿನ ಕಿಟಕಿಯತ್ತ ಮುಖ ಎತ್ತಿದಳು. ಆ ಕಿಟಕಿಯಲ್ಲಿ ಬಿಳಿ ಪಾರಿವಾಳ ಕೂತಿತ್ತು ಎಂದು ಝುಲ್ಮೀರಾ ಇವತ್ತಿಗೂ ಆಣೆ ಇಟ್ಟು ಹೇಳುತ್ತಾಳೆ. ಸೆರಾಫಿಂ ಪ್ರಕಾರ ಅಲ್ಲಿದ್ದದ್ದು ಕೆಟ್ಟುಹೋದ ಫ್ಯಾನು.

"ದಿವ್ಯ ಪವಿತ್ರಾತ್ಮನೇ," ಎಂದು ದೆಯೋಲಿಂದಾ ಇಂಗ್ಲಿಷಿನಲ್ಲಿ, ಯಂತ್ರಗಳ ಗುಡುಗಿಗೆ ಪಳಗಿದ ಧ್ವನಿಯಲ್ಲಿ ಪ್ರಾರ್ಥಿಸಿದಳು. "ನಾನು ನಿನ್ನ ದಾಸಿ ದೆಯೋಲಿಂದಾ ದ ಗ್ಲೋರಿಯಾ ಫುರ್ತಾದೊ. ಕೊಲಂಬಿಯಾ ಬೀದಿಯಲ್ಲಿ ಇರ್ತೀನಿ, ನಿಂಗೆ ಗೊತ್ತೇ ಇದೆ, ಈ ವಾರ ನೀನೂ ಅಲ್ಲೇ ಇದ್ದೀಯ."

ಪಕ್ಕದ ಕೋಣೆಯ ಬೆರಳಚ್ಚಿನ ಸದ್ದು ನಿಂತಿತು. ಹೆಫರ್ನನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ತುಟಿ ಅದುರುತ್ತಿತ್ತು.

"ಸತ್ಯವನ್ನೇ ಹೇಳ್ತೀನಿ ಅಂತ ಪ್ರಮಾಣ ಮಾಡ್ತೀರಾ?"

"ಪವಿತ್ರಾತ್ಮನೇ, ನಿನ್ನೆದುರು ಸುಳ್ಳು ಹೇಳೋಕಾಗತ್ತಾ? ಸತ್ಯವನ್ನೇ ಹೇಳ್ತೀನಿ."

"ಬೆಳಗ್ಗೆಯಿಂದ ಬಂದೋರೆಲ್ಲ ನನ್ನ ಮುಖ ನೋಡ್ಕೊಂಡು ಪ್ರಮಾಣ ಮಾಡಿದ್ರು," ಎಂದು ಹೆಫರ್ನನ್ ಸೆರಾಫಿಂಗೆ ಹೇಳಿದರು. "ನೇರ ಮೇಲಿನ ಕಚೇರಿಗೇ ಹೋದೋರು ನಿಮ್ಮ ಹೆಂಡ್ತಿ ಒಬ್ರೇ." ಮತ್ತೆ ಅವಳತ್ತ ತಿರುಗಿದರು. "ಈ ದೇಶದ ಕಾನೂನು ಮಾಡೋರು ಯಾರು?"

"ಓ ಪವಿತ್ರಾತ್ಮನೇ, ಎರಡು ಸಭೆ ಸೇರಿದ ಕಾಂಗ್ರೆಸ್ ಮಾಡತ್ತೆ. ಅವರಿಗೆ ಒಳ್ಳೆ ಬುದ್ಧಿ ಕೊಡು. ಒಂದೊಂದು ಸಲ ನಲವತ್ತು ವರ್ಷ ತಡವಾಗಿ ಕೊಡ್ತೀಯ, ಸ್ವಲ್ಪ ಬೇಗ ಕೊಡು."

ಪ್ರಶ್ನೆ ಮೇಲೆ ಪ್ರಶ್ನೆ, ಪ್ರಾರ್ಥನೆ ಮೇಲೆ ಪ್ರಾರ್ಥನೆ. ಮೊದಲ ಅಧ್ಯಕ್ಷರ ಆತ್ಮಕ್ಕೆ ಶಾಂತಿ ಕೋರಿದಳು. ಬಾವುಟದ ಪಟ್ಟೆಗಳನ್ನು ಒಂದೊಂದಾಗಿ ಆಶೀರ್ವದಿಸಲು ಕೇಳಿಕೊಂಡಳು. ಬಾಗಿಲ ಬಳಿ ಬೆರಳಚ್ಚಿನ ಹುಡುಗಿ, ಅವಳ ಹಿಂದೆ ಕಾವಲುಗಾರ, ಅವನ ಹಿಂದೆ ತಮ್ಮ ಸರತಿಗೆ ಕಾಯುತ್ತಿದ್ದವರು ಬಂದು ನಿಂತಿದ್ದರು. ಹೆಫರ್ನನ್ ಕೊನೆಗೆ ಪಟ್ಟಿಯಲ್ಲಿ ಇರದ ಒಂದು ಪ್ರಶ್ನೆ ಕೇಳಿದರು. ಅವರ ಧ್ವನಿ ಈಗ ಮೆತ್ತಗಿತ್ತು.

"ಇಷ್ಟು ವರ್ಷ ಸುಮ್ಮನಿದ್ದೋರು ಈಗ ಯಾಕೆ ಪ್ರಜೆ ಆಗ್ಬೇಕು ಅಂತೀರಿ?"

ದೆಯೋಲಿಂದಾಳ ಉತ್ತರ ಈ ಸಲ ನಿಜವಾಗಿಯೂ ಪ್ರಾರ್ಥನೆಯೇ ಆಗಿತ್ತು.

"ಪವಿತ್ರಾತ್ಮನೇ, ಈ ಸಾಹೇಬ್ರಿಗೆ ನೀನೇ ಹೇಳು. ನಾನು ಆರು ವರ್ಷದೋಳಿದ್ದಾಗ ಬಂದೆ. ನಾನು ಹೊಲಿದ ಕೋಟು ಈ ದೇಶದ ಎಷ್ಟು ಹೆಂಗಸರ ಮೈಮೇಲೆ ಇದೆಯೋ. ನನ್ನ ಮಗ ಇವರ ಸೈನ್ಯದ ಬೂಟು ಹಾಕ್ಕೊಂಡು ಬಂದ. ನಾನು ಇಲ್ಲಿಯೋಳೇ ಅಂದ್ಕೊಂಡಿದ್ದೆ, ಕೇಳೋದು ಬೇಕು ಅಂತ ಗೊತ್ತಿರ್ಲಿಲ್ಲ. ಈಗ ಕೇಳ್ತಿದ್ದೀನಿ. ನಂಗೆ ಒಬ್ಬಳೇ ತಂಗಿ. ಕೂಸಾಗಿದ್ದಾಗ ನೋಡಿದ್ದು. ನಮ್ಮಮ್ಮ ಅಂದ್ರೆ ಹೇಗಿದ್ಲು ಅಂತ ಹೇಳೋಕೆ ಈ ಭೂಮಿ ಮೇಲೆ ಅವಳೊಬ್ಬಳೇ ಉಳಿದಿರೋದು. ನಾನು ಇಲ್ಲಿಯೋಳಾದ್ರೆ ಅವಳು ಬರಬಹುದು ಅಂತ ಇವರ ಹೊಸ ಕಾನೂನು ಹೇಳತ್ತೆ. ಒಳ್ಳೆ ಕಾನೂನು. ಅದನ್ನ ಮಾಡಿದೋರ ಹೊಟ್ಟೆ ತಣ್ಣಗಿರ್ಲಿ. ಆಮೆನ್."

"ಆಮೆನ್," ಎಂದರು ಹೆಫರ್ನನ್, ಪೂಜೆಯಲ್ಲಿ ಕೂತವರ ಹಾಗೆ. ಬಾಗಿಲಲ್ಲಿ ನಿಂತವರೂ ಆಮೆನ್ ಎಂದರು. ಆಮೇಲೆ ಹೆಫರ್ನನ್ ಮೂಗು ಸೀಟಿಕೊಂಡು, ಮುದ್ರೆ ಎತ್ತಿ, ಕಾಗದದ ಮೇಲೆ ಜೋರಾಗಿ ಒತ್ತಿದರು. ಆ ಸದ್ದಿಗೆ ಝುಲ್ಮೀರಾ ಕುರ್ಚಿಯಿಂದ ಎದ್ದು ಕುಣಿದೇಬಿಟ್ಟಳು. ದೆಯೋಲಿಂದಾ ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೈ ಜೋಡಿಸಿದಳು: "ಪವಿತ್ರಾತ್ಮನೇ, ಈ ಸಾಹೇಬ್ರ ಅಮ್ಮ ನಿನ್ನ ಹತ್ರ ಇದ್ರೆ, ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕು."

ಬಾಗಿಲು ಯಾವುದೆಂದು ಒಮ್ಮೆ ಗೊತ್ತಾದ ಮೇಲೆ ಬಿಡುವವಳೇ ಅವಳು? ಉಳಿದ ದಿನಗಳಲ್ಲಿ ಕಿರೀಟದ ಎದುರೇ ಸಂಸಾರ ನಡೆಯಿತು. "ಪವಿತ್ರಾತ್ಮನೇ, ಸೆರಾಫಿಂ ಕೆಸರು ಬೂಟು ಹಾಕ್ಕೊಂಡು ಒಳಗೆ ಬಂದಿದ್ದಾನೆ, ಅವನನ್ನ ಕ್ಷಮಿಸು, ನಾನಂತೂ ಕ್ಷಮಿಸಲ್ಲ." "ಪವಿತ್ರಾತ್ಮನೇ, ಝುಲ್ಮೀರಾ ಸೂಪಿಗೆ ಪುದೀನ ಹಾಕೋದು ಮರ್ತಿದ್ದಾಳೆ, ಅವಳ ತಲೆಗೆ ಬೆಳಕು ಕೊಡು." ಸೆರಾಫಿಂ ಪೀಠದ ಎದುರು ಹೋಗಿ ತಾನೂ ಕೈ ಜೋಡಿಸಿದ: "ಸ್ವಾಮಿ, ಇದರಲ್ಲಿ ನಂಗೂ ಒಂದು ದಾರಿ ತೋರಿಸು." ಆದರೆ ಅವತ್ತು ಅವನಿಗೆ ಗಾಢ ನಿದ್ದೆ ಬಂತು.

ಮರುವರ್ಷ, ಹಬ್ಬದ ಏಳು ವಾರಗಳ ನಡುವೆಯೇ, ಲುಸೀಲಿಯಾ ಬಂದಳು. ಈ ಸಲ ಕಿರೀಟ ಕೆಳಗಿನ ಮಹಡಿಯ ಝುಲ್ಮೀರಾಳ ಮನೆಯಲ್ಲಿತ್ತು. ಬಾಸ್ಟನ್ನಿನ ವಿಮಾನ ನಿಲ್ದಾಣದಲ್ಲಿ ಅಮಾರೊ, ಮೂವರು ಮಕ್ಕಳು, ಹಗ್ಗ ಕಟ್ಟಿದ ಪೆಟ್ಟಿಗೆಗಳು. ಅವ್ಯಾವುದನ್ನೂ ದೆಯೋಲಿಂದಾ ನೋಡಲಿಲ್ಲ. ಕರಿಯ ಶಾಲು ಹೊದ್ದ ಸಣ್ಣ ಹೆಂಗಸೊಬ್ಬಳು ನಿಂತಿದ್ದಳು, ಗಲ್ಲ ಥೇಟ್ ಜಸಿಂತೊನದು. ಇಬ್ಬರೂ ತಬ್ಬಿಕೊಂಡರು. ಎಷ್ಟು ಹೊತ್ತಾದರೂ ಬಿಡಲಿಲ್ಲ.

"ಮಾತಾಡೇ! ಒಂದು ಮಾತಾಡೇ ಲುಸೀಲಿಯಾ!" ಎಂದಳು ದೆಯೋಲಿಂದಾ.

ಲುಸೀಲಿಯಾ ಅಕ್ಕನ ಮುಖವನ್ನು ಬೆರಗಿನಿಂದ ನೋಡಿದಳು. ಬೆರಳನ್ನು ತುಟಿಯ ಮೇಲಿಟ್ಟು ತಲೆ ಅಲ್ಲಾಡಿಸಿದಳು.

ಅಮಾರೊ ತಲೆ ಕೆರೆದುಕೊಂಡ. "ಏನ್ ಹೇಳ್ಲಿ ಅತ್ತಿಗೆ. ನಿಮ್ಮ ಕೋರ್ಟಿನ ಕಥೆ ನಮ್ಮ ಹಳ್ಳಿಗೆಲ್ಲ ಗೊತ್ತು. ಇವಳೂ ಹರಕೆ ಹೊತ್ತಳು. ವಿಮಾನ ಹತ್ತಿದಾಗಿಂದ ನಿಮ್ಮೂರಿನ ಕಿರೀಟದ ಎದುರು ಮೊಣಕಾಲೂರೋವರೆಗೂ ಯಾರ ಜೊತೇನೂ ಮಾತಿಲ್ಲ. ಮಕ್ಕಳು ವಾಂತಿ ಮಾಡ್ಕೊಂಡ್ರೂ ಬಾಯಿ ಬಿಡ್ಲಿಲ್ಲ."

ದೆಯೋಲಿಂದಾ ನಗಲೋ ಅಳಲೋ ತಿಳಿಯದೆ ಎರಡನ್ನೂ ಮಾಡಿದಳು. ಕಾರಿನಲ್ಲಿ ದಾರಿಯುದ್ದಕ್ಕೂ ಅವಳೊಬ್ಬಳದೇ ಮಾತು: ಅಪ್ಪನ ಪೆಟ್ಟಿಗೆ, ಕಾರ್ಖಾನೆ, ಸೋಮಾರಿ ಬೆಟ್ಟ, ಹೆಫರ್ನನ್ನರ ಸಕ್ಕರೆ. ಆದರೆ ಅವಳು ಜೋರಾಗಿ ನಕ್ಕಾಗಲೆಲ್ಲ ಲುಸೀಲಿಯಾ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಕಿಟಕಿಯತ್ತ ತಿರುಗುತ್ತಿದ್ದಳು. ಒಮ್ಮೆಯಲ್ಲ, ಮತ್ತೆ ಮತ್ತೆ. ದೆಯೋಲಿಂದಾ ಅದನ್ನು ಗಮನಿಸಿದಳು. ಅಪ್ಪನೂ ಹೀಗೆಯೇ ಎದ್ದು ಹೋಗುತ್ತಿದ್ದ. ಇವಳಿಗೂ ನನ್ನ ಮಾತು ಹಿಡಿಸಲಿಲ್ಲವೇ? ನಾನು ಇಲ್ಲಿ ರೊಟ್ಟಿ ತಿನ್ನುವಾಗ ಅಲ್ಲಿ ಅಮ್ಮನ ಆರೈಕೆ ಮಾಡಿದವಳು ಇವಳು, ಆ ಕೋಪವೇ? ಊರು ಹತ್ತಿರವಾದಂತೆ ಅವಳ ಮಾತು ಕಡಿಮೆಯಾಗುತ್ತ ಬಂತು. ಕೊಲಂಬಿಯಾ ಬೀದಿಗೆ ತಿರುಗಿದಾಗ ನಿಂತೇ ಹೋಗಿತ್ತು.

ಝುಲ್ಮೀರಾಳ ಮನೆ ಜನರಿಂದ ತುಂಬಿತ್ತು. ದೊಡ್ಡ ಪಾತ್ರೆಯಲ್ಲಿ ಮಾಂಸದ ಸೂಪು ಕುದಿಯುತ್ತಿತ್ತು, ಮೇಜಿನ ಮೇಲೆ ರೊಟ್ಟಿ ಪೇರಿಸಿತ್ತು. ಎಲ್ಲರೂ ದಾರಿ ಬಿಟ್ಟರು. ಲುಸೀಲಿಯಾ ನೇರ ಕಿರೀಟದ ಎದುರು ಹೋಗಿ ಮೊಣಕಾಲೂರಿದಳು, ಬೆಳ್ಳಿಯ ಪಾರಿವಾಳಕ್ಕೆ ಮುತ್ತಿಟ್ಟಳು. ಮೊದಲ ಬಾರಿಗೆ ಅವಳ ಧ್ವನಿ ಕೇಳಿತು. ಸಣ್ಣದು, ಜಸಿಂತೊನ ಹಾಗೆ ಮೂಗಿನಿಂದ ಬರುವಂಥದ್ದು.

"ದಿವ್ಯ ಪವಿತ್ರಾತ್ಮನೇ," ಎಂದಳು. "ನನ್ನಕ್ಕನಿಗೆ ಹೇಳು. ಅವಳ ಧ್ವನಿ ಥೇಟ್ ಅಮ್ಮನದೇ. ನಗೋವಾಗ ಮಧ್ಯದಲ್ಲಿ ಮುರಿಯತ್ತಲ್ಲ, ಅದೂ ಅಮ್ಮನದೇ. ಅಮ್ಮ ಹೋದ ಮೇಲೆ ಇನ್ನು ಈ ಧ್ವನಿ ಈ ಜನ್ಮದಲ್ಲಿ ಕೇಳಲ್ಲ ಅಂದ್ಕೊಂಡಿದ್ದೆ. ಇವತ್ತು ದಾರಿಯುದ್ದಕ್ಕೂ ಅಮ್ಮ ಪಕ್ಕದಲ್ಲಿ ಕೂತು ಮಾತಾಡ್ತಿದ್ಲು. ಊರು ಬಂದಾಗ ನಿಲ್ಲಿಸಿಬಿಟ್ಳು. ನಿಲ್ಲಿಸ್ಬೇಡ ಅಂತ ಹೇಳು."

ದೆಯೋಲಿಂದಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಮೆಟ್ಟಿಲ ಮೇಲೆ ಒಬ್ಬನೇ ಕೂತ ಅಪ್ಪನ ಬೆನ್ನು ಅವಳ ಕಣ್ಣಿಗೆ ಕಟ್ಟಿತು. ಓಹ್, ಅದಕ್ಕೇ. ಅದಕ್ಕೇ ಎದ್ದು ಹೋಗುತ್ತಿದ್ದೆಯಾ ಅಪ್ಪ. ಅವಳು ತನ್ನ ಗಂಟಲನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಇಡೀ ಭೂಮಿಯಲ್ಲಿ ಹುಡುಕಿದ್ದು ಇಲ್ಲಿತ್ತು.

"ಮಾತಾಡೇ," ಎಂದು ಝುಲ್ಮೀರಾ ಅವಳ ಪಕ್ಕೆಗೆ ತಿವಿದಳು. ಮೂವತ್ತು ವರ್ಷದಲ್ಲಿ ಅವಳು ಈ ಮಾತು ಹೇಳಿದ್ದು ಅದೇ ಮೊದಲು.

ದೆಯೋಲಿಂದಾ ಬಾಯಿಗೆ ಬಂದದ್ದನ್ನು ಹೇಳಿದಳು.

"ಏಳೇ ಕೂಸೇ, ಊಟ ಮಾಡು ಬಾ. ಸೂಪು ಆರಿಹೋಗತ್ತೆ."

ಲುಸೀಲಿಯಾ ಎದ್ದು ಬಂದು ಅಕ್ಕನ ಕೈ ಹಿಡಿದುಕೊಂಡು ಮೇಜಿನ ಹತ್ತಿರ ಕೂತಳು. ಆಮೇಲೆ ದೆಯೋಲಿಂದಾ ಸಂಜೆಯಾಗುವವರೆಗೂ ಬಾಯಿ ಮುಚ್ಚಲಿಲ್ಲ, ಮುಚ್ಚು ಎಂದು ಯಾರೂ ಹೇಳಲೂ ಇಲ್ಲ.